ಕಂದಕ ಹಾರಿದ ಸವಾರ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಜಯನಗರದ ಅಂಚಿನ ಒಂದು ಟೂರಿಂಗ್ ಟಾಕೀಸಿನಲ್ಲಿ ಮ್ಯಾನೇಜರ್ ಆಗಿದ್ದೆ. ಹೊಸ ಬಡಾವಣೆಯ ಮನೆಗಳು ಮುಗಿದು ರಾಗಿ ಹೊಲ ಶುರುವಾಗುವ ಕಡೆ ನಮ್ಮ ಡೇರೆ ಇತ್ತು. ಒಂದೇ ಪ್ರೊಜೆಕ್ಟರ್ ಇದ್ದದ್ದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹಾಕಬೇಕಾಗುತ್ತಿತ್ತು.

ಆ ವರ್ಷ ಒಳ್ಳೆಯ ಕಥೆಯ ಎರಡು ಸಾಂಸಾರಿಕ ಚಿತ್ರ ಹಾಕಿ ಕೈ ಸುಟ್ಟುಕೊಂಡಿದ್ದೆವು. ಡೇರೆ ಎತ್ತಿಬಿಡೋಣ ಎಂದು ಮಾಲೀಕರು ಹೇಳತೊಡಗಿದ್ದರು. ಆಗ ವಿತರಕರ ಪ್ರತಿನಿಧಿ ರಾಜರ ಕಾಲದ ಒಂದು ಚಿತ್ರ ತಂದ. ಕಥೆಯಲ್ಲಿ ಹುರುಳಿರಲಿಲ್ಲ. ಆದರೆ ಇಂಟರ್ವಲ್ ಆದ ಸ್ವಲ್ಪ ಹೊತ್ತಿಗೆ ನಾಯಕ ಬಿಳಿ ಕುದುರೆಯ ಮೇಲೆ ಕೋಟೆಯ ಕಂದಕ ಹಾರುತ್ತಿದ್ದ. ಕುದುರೆ ನೆಲ ಬಿಟ್ಟು ಗಾಳಿಯಲ್ಲಿ ಮೈ ಚಾಚುತ್ತಿತ್ತು. ಮರುಕ್ಷಣ ಆಚೆ ದಡದಲ್ಲಿ ನಾಯಕನ ನಗುಮುಖ. ಅಷ್ಟಕ್ಕೇ ಜನ ಹುಚ್ಚೆದ್ದರು. ಹಿಂದಿನ ದಿನ ನೋಡಿದವರೇ ಮನೆಮಂದಿಯನ್ನು ಕರೆದುಕೊಂಡು ಮತ್ತೆ ಬಂದರು. ಹೌಸ್‌ಫುಲ್ ಬೋರ್ಡಿನ ದೂಳು ಒರೆಸಿ ನಾನೇ ಗೇಟಿಗೆ ತೂಗುಹಾಕಿದೆ. ಡೇರೆ ಉಳಿಯಿತು.

ಎರಡನೆಯ ವಾರದ ಒಂದು ಸಂಜೆ ಸುದ್ದಗುಂಟೆಪಾಳ್ಯದಿಂದ ಗೌರಮ್ಮ ಎಂಬ ಹೆಣ್ಣುಮಗಳು ಬಂದು, ಕುದುರೆ ಹಾರುವುದನ್ನಷ್ಟೇ ನೋಡಲು ಬಿಡುತ್ತೀರಾ ಎಂದು ಕೇಳಿದಳು. ಯಾಕೆ ಎಂದೆ. ಆಕೆಯ ಗಂಡ ಮುನಿಯಪ್ಪ ಜಟಕಾ ಹೊಡೆಯುತ್ತಿದ್ದ. ಕುದುರೆ ಪಳಗಿಸುವುದರಲ್ಲಿ ಗಟ್ಟಿಗ ಎಂದು ಸಿನಿಮಾ ಕಂಪನಿಯವರು ಕರೆದೊಯ್ದಿದ್ದರು. ನಾಯಕನ ಬಟ್ಟೆ ತೊಟ್ಟು, ಮುಖ ಕಾಣದಂತೆ ಅಪಾಯದ ಕೆಲಸ ಮಾಡುವವನನ್ನು ನಮ್ಮಲ್ಲಿ ಡೂಪ್ ಎನ್ನುತ್ತೇವೆ. ಕಂದಕ ಹಾರಿದ್ದು ಅವನು. ಹಾರಿದ್ದು ಒಂದೇ ಸಲ. ಆಚೆ ದಡದಲ್ಲಿ ಕುದುರೆಯ ಹಿಂಗಾಲು ಜಾರಿ ಎರಡೂ ಜೀವ ಕಂದಕಕ್ಕೆ ಬಿದ್ದವು. ಕುದುರೆ ಬದುಕಿತು.

“ಕುಡ್ದು ಕುದ್ರೆ ಹತ್ತಿದ್ದ ಅಂತ ಕಂಪ್ನಿಯೋರು ಹೇಳವ್ರೆ. ನಮ್ಮಾವನೂ ಅದನ್ನೇ ನಂಬ್ಕಂಡವ್ರೆ. ನಾನೇ ಒಂದ್ಸಲ ನೋಡ್ಬೇಕು ಸ್ವಾಮಿ” ಎಂದಳು.

ಹೆಂಗಸರ ಕಡೆ ಕೂರಿಸಿದೆ. ದೃಶ್ಯ ಬಂದಾಗ ಎಂದಿನಂತೆ ಶಿಳ್ಳೆ, ಕೇಕೆ. ಆಕೆ ಅಳಲಿಲ್ಲ. ಹೊರಗೆ ಬಂದು, ಹಾರುವ ಮುಂಚೆ ಕುದುರೆ ಹಿಂಜರಿದದ್ದನ್ನೂ ಗಂಡ ಅದರ ಕತ್ತು ಸವರಿದ್ದನ್ನೂ ಹೇಳಿದಳು. ಅಷ್ಟು ದಿನದಿಂದ ನೋಡುತ್ತಿದ್ದರೂ ನಾನು ಅದನ್ನು ಗಮನಿಸಿರಲಿಲ್ಲ.

ಮರುದಿನ ಮಾವನನ್ನು ಕರೆತಂದಳು. ಮಗ ಸತ್ತಾಗಿನಿಂದ ಆ ಮುದುಕ ಅವನ ಹೆಸರೆತ್ತಿರಲಿಲ್ಲವಂತೆ. ಕುದುರೆ ಗಾಳಿಗೇರಿದಾಗ ಮುದುಕ ಎದ್ದು ನಿಂತುಬಿಟ್ಟ. ಹಿಂದಿನವರು ಕೂರುವಂತೆ ಕೂಗಿದರೂ ಕೂರಲಿಲ್ಲ. ರೀಲು ಮುಗಿದು ದೀಪ ಬಂದಾಗಲೂ ತೆರೆಯನ್ನೇ ನೋಡುತ್ತಿದ್ದ. ನಾನು ಕೈಹಿಡಿದು ಹೊರಗೆ ಕರೆತಂದು ನೀರು ಕೊಟ್ಟೆ. ಕುಡಿದು ಲೋಟ ಕೆಳಗಿಟ್ಟು, “ಲಗಾಮು ಹಿಡ್ದಿರೋ ಕೈ ನೋಡ್ದೆ. ಕುಡ್ದಿರ್ಲಿಲ್ಲ ನನ್ ಮಗ” ಎಂದ. ಆಮೇಲೆ ಹಣೆ ಚಚ್ಚಿಕೊಂಡು ಅತ್ತ. ಸೊಸೆ ಅವನ ಕೈಗಳನ್ನು ಹಿಡಿದುಕೊಂಡು ಪಕ್ಕದಲ್ಲೇ ಕೂತಳು.

ಕಂಪನಿಯವರಿಗೆ ಈ ವಿಷಯ ತಿಳಿಸಿ, ಸತ್ತವನ ಮೇಲಿನ ಅಪವಾದವನ್ನಾದರೂ ಹಿಂತೆಗೆದುಕೊಳ್ಳುವಂತೆ ಹೇಳು ಎಂದು ಪ್ರತಿನಿಧಿಯನ್ನು ಕೇಳಿಕೊಂಡೆ. ಅವನು ಕೆಟ್ಟ ಮನುಷ್ಯನಲ್ಲ, ವ್ಯಾಪಾರವಷ್ಟೇ ಗೊತ್ತಿತ್ತು.

“ಡೂಪ್ ನಿಜವಾಗ್ಲೂ ಸತ್ತ ಅಂತ ಪೋಸ್ಟರ್ ಮೇಲೆ ಹಾಕ್ಸೋಣ್ವಾ ಸಾರ್? ಇನ್ನೂ ಎರಡು ವಾರ ಓಡುತ್ತೆ” ಎಂದ.

ಹಾಗೆ ಹಾಕಿಸಿದರೆ ನಾನು ಕೆಲಸ ಬಿಡುತ್ತೇನೆ ಎಂದೆ. ಪೋಸ್ಟರ್ ಬರಲಿಲ್ಲ. ಕಂಪನಿಯಿಂದ ಯಾವ ಮಾತೂ ಬರಲಿಲ್ಲ.

ಚಿತ್ರ ಬದಲಾದ ಮೇಲೆ ಗೌರಮ್ಮ ಇನ್ನೊಮ್ಮೆ ಬಂದಳು. ಗೋಡೆಯ ಮೇಲೆ ಬೇರೆ ಪೋಸ್ಟರ್ ಕಂಡು ಟಿಕೆಟ್ ಕಿಟಕಿಯ ಹತ್ತಿರ ನಿಂತಿದ್ದಳು. ಪ್ರಿಂಟು ಇಲ್ಲಿಂದ ಹೋಯಿತಮ್ಮ ಎಂದೆ.

“ಈಗ ಯಾವೂರಲ್ಲಿ ಹಾರ್ತಾವ್ರೆ ಸ್ವಾಮಿ?”

ಕನಕಪುರ ಎಂದೆ. ಆಕೆ ತಲೆಯಾಡಿಸಿ, ಸೆರಗು ಹೊದ್ದುಕೊಂಡು ಹೊಲದ ದಾರಿ ಹಿಡಿದಳು.

ಕಣ್ಣಿಗೆ ಹಬ್ಬವಾದರೆ ಜನ ಬರುತ್ತಾರೆ ಎಂಬುದನ್ನು ಈ ಕಸುಬಿನಲ್ಲಿ ಬೇಗ ಕಲಿತಿದ್ದೆ. ಆ ಹಬ್ಬ ಮಾಡಿಕೊಟ್ಟವರು ಯಾರು ಎಂದು ಕೇಳುವುದನ್ನು ಕಲಿತದ್ದು ಅಂದಿನಿಂದ. ಆಮೇಲೆ ಯಾವ ಪ್ರತಿನಿಧಿ ಬಂದು ಸಾಹಸ ದೃಶ್ಯವಿದೆ ಎಂದರೂ, ಅದನ್ನು ಮಾಡಿದವರು ಚೆನ್ನಾಗಿದ್ದಾರಾ ಎಂದು ಮೊದಲು ಕೇಳುತ್ತಿದ್ದೆ. ಹೆಚ್ಚಿನವರಿಗೆ ಗೊತ್ತಿರುತ್ತಿರಲಿಲ್ಲ.