ಕಂಪನಿಯವರ ಕಡೆ ಉಳಿದ ಮಂಗಗಳು

ನನ್ನ ಅವ್ವ ವಿಡಿಯೋ ಗೇಮ್ ಆಡುತ್ತಿದ್ದಳು ಎಂದರೆ ಕಾಲೇಜಿನಲ್ಲಿ ಗೆಳತಿಯರು ನಗುತ್ತಿದ್ದರು. ನಗಲಿ. ಆಡುತ್ತಿದ್ದಳು ಎನ್ನುವುದೂ ಪೂರ್ತಿ ಸರಿಯಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ, ಇಳಕಲ್ಲಿನ ನಮ್ಮ ಮನೆಗೆ ಟಿವಿಗೆ ಜೋಡಿಸುವ ಆ ಡಬ್ಬಿ ಬಂದಾಗ ನಾನಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ. ಜೊತೆಗೊಂದು ಹಳದಿ ಕ್ಯಾಸೆಟ್ಟು: ಅಂಗೈಯಗಲದ ಪ್ಲಾಸ್ಟಿಕ್ಕು, ಕೆಳಗೆ ತಾಮ್ರದ ಹಲ್ಲು. ಅದನ್ನು ಡಬ್ಬಿಯ ಬಾಯಿಗೆ ತುರುಕಬೇಕು. ಚಿತ್ರ ಬರದಿದ್ದರೆ ಹೊರತೆಗೆದು, ಉಫ್ ಎಂದು ಊದಿ, ಮತ್ತೆ ತುರುಕಬೇಕು. ಅದರಲ್ಲಿ ಟ್ಯಾಂಕುಗಳ ಯುದ್ಧದ ಆಟವೊಂದಿತ್ತು. ಯುದ್ಧ ಶುರುವಾಗುವ ಮೊದಲು, ಬೇಕೆಂದವರು ಮೈದಾನದಲ್ಲಿ ತಾವೇ ಇಟ್ಟಿಗೆ ಇಟ್ಟುಕೊಳ್ಳಬಹುದಿತ್ತು. ನನಗೆ ಗುಂಡು ಹೊಡೆಯುವ ಅವಸರ. ಆ ಇಟ್ಟಿಗೆಯ ಪರದೆ ಬಂದೊಡನೆ ದಾಟಿ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಹಿಂದೆ ಕೂತು ಕಸೂತಿ ಹಾಕುತ್ತಿದ್ದ ಅವ್ವ ತಡೆದಳು.

"ತಡೀ, ತಡೀ. ಅದೇನದು ಇಟ್ಟಂಗಿ ಹಚ್ಚೂದು?"

"ಅದು ಆಟ ಅಲ್ ಬೇ ಯವ್ವಾ. ಸುಮ್ನ ಐತಿ."

"ಸುಮ್ನ ಹ್ಯಾಂಗಾತು? ಮುರ್ಗಿ ಐತಿ ನೋಡು ಅದು. ಕೊಡಿಲ್ಲೆ."

ಮುರ್ಗಿ ಎಂದರೆ ಕಸೂತಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಹೊಲಿಗೆ. ಅವ್ವ ಬಾದಾಮಿಯವಳು, ಇಳಕಲ್ ಸೀರೆಯ ಸೆರಗಿಗೆ ಕಸೂತಿ ಹಾಕುವುದನ್ನು ತನ್ನ ಅವ್ವನಿಂದ ಕಲಿತವಳು. ಆ ಕೆಲಸದಲ್ಲಿ ಬಟ್ಟೆಯ ಮೇಲೆ ಪೆನ್ಸಿಲ್ಲಿನ ಗೆರೆ ಎಳೆಯುವಂತಿಲ್ಲ. ಎಳೆ ಎಣಿಸುತ್ತಲೇ ಆನೆ, ಗೋಪುರ, ತುಳಸಿಕಟ್ಟೆ ಏಳಬೇಕು. ಹೊಸ ಚಿತ್ತಾರವಾದರೆ ಮೊದಲು ಒಂದು ತುಂಡು ಬಟ್ಟೆಯ ಮೇಲೆ ಹಾಕಿ ನೋಡಿ, ಆ ತುಂಡನ್ನು ಎತ್ತಿಡಬೇಕು. ಅವ್ವನ ಟ್ರಂಕಿನಲ್ಲಿ ಅಜ್ಜಿಯ ತುಂಡುಗಳೂ ಇದ್ದವು. ಕೆಲವನ್ನು ಇಲಿ ತಿಂದಿತ್ತು, ಕೆಲವಕ್ಕೆ ಬಣ್ಣ ಹತ್ತಿತ್ತು. ಆದರೂ ಎಣಿಸಬಹುದಿತ್ತು.

ಅಂದಿನಿಂದ ಮಧ್ಯಾಹ್ನ ಅಡುಗೆಮನೆ ಸಾರಿಸಿದ ಮೇಲೆ ಡಬ್ಬಿ ಅವ್ವನದು. ಟ್ಯಾಂಕುಗಳ ಮೈದಾನದಲ್ಲಿ ಗೋಪುರ ಕಟ್ಟುತ್ತಿದ್ದಳು, ಸರಿ ಕಾಣದಿದ್ದರೆ ಕೆಡವುತ್ತಿದ್ದಳು. ಸೂಜಿ ಕೀಳುವ ಕಷ್ಟವಿಲ್ಲ. ಕರೆಂಟು ಹೋದರೆ ಮಾತ್ರ ಎಲ್ಲ ಮಾಯ; ಆ ಕ್ಯಾಸೆಟ್ಟಿಗೆ ನೆನಪಿಟ್ಟುಕೊಳ್ಳುವುದು ಗೊತ್ತಿರಲಿಲ್ಲ. ಗೊತ್ತಿದೆ ಎಂದು ಅದು ಹೇಳಿಕೊಂಡಿರಲೂ ಇಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಹಳೆಯದೆಲ್ಲ ಬಂಗಾರ ಎಂದು ವಾದಿಸುವವಳು ನಾನಲ್ಲ. ಕ್ಯಾಸೆಟ್ಟು ತನ್ನ ಆಟವನ್ನಷ್ಟೇ ಕಾಪಾಡುತ್ತಿತ್ತು, ಅವ್ವನ ಗೋಪುರವನ್ನಲ್ಲ. ಅದು ಗೊತ್ತಿದ್ದುದರಿಂದಲೇ ಅವ್ವ "ಕರೆಂಟ್ ಹೋಗೂದ್ರಾಗ ಮುಗೀಲಿ" ಎನ್ನುತ್ತ ಕಂಡದ್ದನ್ನು ಕಂಡಹಾಗೆ ಬಟ್ಟೆಗೆ ಇಳಿಸುತ್ತಿದ್ದಳು.

ನಾನು ಬಾಗಲಕೋಟೆಯಲ್ಲಿ ಡಿಗ್ರಿಗೆ ಸೇರುವ ಹೊತ್ತಿಗೆ ಮನೆಗೆ ಕಂಪ್ಯೂಟರ್ ಬಂದಿತ್ತು. ಅಪ್ಪ ಹೈಸ್ಕೂಲ್ ಮಾಸ್ತರು, ಪ್ರಶ್ನೆಪತ್ರಿಕೆ ಟೈಪ್ ಮಾಡಲು ತಂದಿದ್ದರು. ಚರ್ಚಾಸ್ಪರ್ಧೆಯೊಂದರಲ್ಲಿ ನನಗೆ ಬಂದ ಬಹುಮಾನದಿಂದ ಅವ್ವನಿಗೊಂದು ಆಟ ಕೊಂಡೆ. ಚೌಕ ಚೌಕ ಹಾಸುಗಲ್ಲು ಜೋಡಿಸಿ ಊರು ಕಟ್ಟುವ ಆಟ. ಕಲ್ಲಿಗೆ ಬೇಕಾದ ಬಣ್ಣ ಕೊಡಬಹುದು. ಬಾಗಲಕೋಟೆಯ ನವನಗರದ ಅಂಗಡಿಯವನು ಇಟ್ಟಿಗೆಯಷ್ಟು ದಪ್ಪದ ಡಬ್ಬಿ ಕೊಟ್ಟ. ಒಳಗೆ ಒಂದು ಡಿಸ್ಕು, ಉಳಿದದ್ದೆಲ್ಲ ಗಾಳಿ.

ಮನೆಗೆ ತಂದು ಹಾಕಿದರೆ, ಆಟದ ಮುಕ್ಕಾಲು ಭಾಗ ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು ಎಂದಿತು. ನಮ್ಮದು ಫೋನಿನ ತಂತಿಯ ಇಂಟರ್ನೆಟ್ಟು. ನಡುವೆ ಯಾರಾದರೂ ನೆಂಟರು ಫೋನ್ ಮಾಡಿದರೆ ಮತ್ತೆ ಮೊದಲಿನಿಂದ. ನಾಲ್ಕಾರು ಸಲ ಸೋತು, ಕಂಪ್ಯೂಟರಿನ ದೊಡ್ಡ ಡಬ್ಬಿಯನ್ನೇ ಕೌದಿಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಬಾಗಲಕೋಟೆ ಬಸ್ಸು ಹತ್ತಿದೆ. ಕಾಲೇಜಿನ ಹಿಂದಿನ ಸೈಬರ್ ಕೆಫೆಯವರು ತಮ್ಮ ತಂತಿ ಹಚ್ಚಿ ಇಳಿಸಿಕೊಡಲು ಒಪ್ಪಿದ್ದರು. ಹುನಗುಂದ ದಾಟುವಾಗ ಕಂಡಕ್ಟರ್ ಬಗ್ಗಿ ನೋಡಿದ.

"ಕೂಸೇನ್ ತಂಗಿ? ಅಳವಲ್ದು, ಭಾಳ ಶಾಣ್ಯಾ ಐತಿ."

"ಕಂಪ್ಯೂಟರ್ ರೀ."

"ದವಾಖಾನಿಗೇನ್?"

"ಆರಾಮೇ ಐತ್ರಿ. ಆಟ ತುಂಬ್ಸಾಕ ಹೊಂಟೇನ್ರಿ."

"ಡಿಸ್ಕ್ ಕೊಟ್ಟಿಲ್ಲೇನ್ ಅಂಗಡ್ಯಾವ?"

"ಕೊಟ್ಟಾನ್ರಿ. ಅದರಾಗ ಆಟ ಇಲ್ರಿ."

ಅಮೀನಗಡ ಬರುವವರೆಗೂ ಅವನು ಇದನ್ನು ಸೀಟು ಸೀಟಿಗೂ ಹೇಳಿ ನಗಿಸಿದ. ಕರದಂಟು ಕೊಳ್ಳಲು ಇಳಿದವರು ಕಿಟಕಿಯಿಂದಲೂ ಕೌದಿ ನೋಡಿ ನಕ್ಕರು. ನನಗೆ ಅವಮಾನವಾಗಲಿಲ್ಲ, ಸಿಟ್ಟು ಬಂತು. ಕಂಡಕ್ಟರ್ ಕೇಳಿದ್ದು ಸರಿಯಾದ ಪ್ರಶ್ನೆ. ಆದರೆ ಅದನ್ನು ನಾನು ಅಂಗಡಿಯಲ್ಲೇ ಕೇಳಬೇಕಿತ್ತು.

ಆಟ ಇಳಿಯಿತು, ಅವ್ವ ಕೂತಳು. ಪ್ರತಿ ಸಲ ತೆರೆಯುವಾಗಲೂ ಫೋನು ಹಚ್ಚಿ ಕಂಪನಿಯವರ ಅಪ್ಪಣೆ ಪಡೆಯಬೇಕಿತ್ತು. ಕಟ್ಟಿದ್ದೆಲ್ಲವನ್ನೂ ಅದು ತನ್ನ ಕಡೆಗೇ ಎಳೆದುಕೊಂಡು ಇಟ್ಟುಕೊಳ್ಳುತ್ತಿತ್ತು. ಮುಚ್ಚುವಾಗ ಇಂಗ್ಲಿಷಿನಲ್ಲೊಂದು ಸಾಲು ಬರುತ್ತಿತ್ತು.

"ಏನಂತದು?"

"ನೀವು ಕಟ್ಟಿದ್ದು ನಮ್ಮ ಕಡೆ ಕಾಯಂ ಜ್ವಾಕಿ ಇರ್ತೈತಿ ಅಂತ."

"ಇಲಿ ಬರೂದಿಲ್ಲ ಹಂಗಾರ," ಎಂದು ಅವ್ವ ನಕ್ಕಳು. ತುಂಡು ಬಟ್ಟೆಗೆ ಇಳಿಸುವುದನ್ನು ನಿಲ್ಲಿಸಿದ್ದು ಆಗಲೇ.

ಆ ವರ್ಷ ಬಾದಾಮಿಯಲ್ಲಿದ್ದ ಚಿಗವ್ವ, ಅವ್ವನ ತಂಗಿ, ಬಸುರಿಯಾದಳು. ಮದುವೆಯಾಗಿ ಬಹಳ ಕಾಲದ ಮೇಲಿನ ಬಸಿರು. ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಅಕ್ಕನ ಕಡೆಯಿಂದ ಕಪ್ಪು ಚಂದ್ರಕಾಳಿ ಸೀರೆ ಹೋಗಬೇಕು, ಸೆರಗಿನ ತುಂಬ ಕಸೂತಿ ಇರಬೇಕು. ಅವ್ವ ಗೋಪುರ ಬೇಡವೆಂದಳು. ಆ ಇಬ್ಬರ ಬಾಲ್ಯವೆಲ್ಲ ಕಳೆದದ್ದು ಬಾದಾಮಿಯ ಹೊಂಡದ ಮೆಟ್ಟಿಲ ಮೇಲೆ, ಮಂಗಗಳ ನಡುವೆ. ಸೆರಗಿಗೆ ಮಂಗಗಳ ಸಾಲು ಹಾಕುತ್ತೇನೆ ಎಂದಳು. ಒಂದರಂತೆ ಒಂದಿಲ್ಲ. ಒಂದು ರಿಬ್ಬನ್ ಕಿತ್ತುಕೊಂಡು ಓಡುವುದು, ಒಂದು ಜಗಳಾಡಿ ಬೆನ್ನು ತಿರುಗಿಸಿ ಕೂತದ್ದು, ಒಂದು ಇನ್ನೊಂದರ ಹೇನು ನೋಡುವುದು. ಎಲ್ಲವೂ ಅವರಿಬ್ಬರೇ.

ಕಸೂತಿಯಲ್ಲಿ ಮಂಗ ಸುಲಭವಲ್ಲ. ಬಾಲದ ತಿರುವು ಒಂದು ಚೌಕ ಆಚೆ ಹೋದರೆ ನಾಯಿಯಾಗುತ್ತದೆ. ಒಂದೊಂದನ್ನು ಅವ್ವ ಆಟದ ಹಾಸುಗಲ್ಲುಗಳಲ್ಲಿ ದಿನಗಟ್ಟಲೆ ತಿದ್ದಿದಳು. ಇಡೀ ಸಾಲು ಪರದೆಯ ಮೇಲೆ ಸಿದ್ಧವಾದಾಗ ನನ್ನನ್ನು ಕರೆದು ತೋರಿಸಿದಳು. ಮೂಗು ಮುರಿಯುವುದೇ ಅಭ್ಯಾಸವಾಗಿದ್ದ ನಾನು ಕುರ್ಚಿ ಎಳೆದುಕೊಂಡು ಕೂತು ಸಾಲನ್ನು ಮತ್ತೆ ಮತ್ತೆ ನೋಡಿದೆ. ಆಮೇಲೆ ಅವ್ವ ಒಂದೊಂದನ್ನೇ ನೋಡಿಕೊಂಡು ಸೆರಗಿಗೆ ಹಾಕತೊಡಗಿದಳು.

ಅರ್ಧ ಸೆರಗು ಆಗಿತ್ತು. ಒಂದು ಮಧ್ಯಾಹ್ನ ಆಟ ತೆರೆಯಲಿಲ್ಲ. ಈ ಸೇವೆಯನ್ನು ನಿಲ್ಲಿಸಲಾಗಿದೆ, ನಿಮ್ಮ ಪ್ರೀತಿಗೆ ವಂದನೆಗಳು ಎಂದು ಇಂಗ್ಲಿಷಿನಲ್ಲಿ ಬಂತು. ಪ್ರೀತಿಯಂತೆ!

ಮರುದಿನ ಡಬ್ಬಿ ಹಿಡಿದುಕೊಂಡು ನವನಗರದ ಅಂಗಡಿಗೆ ಹೋದೆ.

"ಅಣ್ಣಾರ, ಡಿಸ್ಕ್ ಐತಿ, ಡಬ್ಬಿ ಐತಿ, ನಿಮ್ಮ ಬಿಲ್ ಐತಿ. ಆಟ ಎಲ್ಲೈತಿ?"

"ಕಂಪನ್ಯಾವ್ರು ಬಂದ್ ಮಾಡ್ಯಾರ್ ತಂಗಿ. ನಾ ಏನ್ ಮಾಡ್ಲಿ? ಇದರದ ಎರಡನೇದ್ದು ಬಂದೈತಿ, ಒಯ್ರಿ."

"ಅದರಾಗ ನಮ್ಮವ್ವ ಮಾಡಿದ್ದು ಇರ್ತೈತೇನು?"

"ಇಲ್ರಿ, ಅದು ಬ್ಯಾರೇ ಆಟ."

"ಹಂಗಾರ ನೀವು ನನಗ ಮಾರಿದ್ದೇನು?"

"ಆಡೂ ಪರ್ಮಿಷನ್ ರೀ. ಡಬ್ಬಿ ಹಿಂದ ಸಣ್ಣ ಅಕ್ಷರದಾಗ ಬರದಾರ ನೋಡ್ರಿ."

"ಮತ್ತ ಅಂಗಡಿ ಮುಂದ 'ಆಟಗಳ ಮಾರಾಟ' ಅಂತ ದೊಡ್ಡ ಅಕ್ಷರದಾಗ ಯಾಕ್ ಬರಸೀರಿ? ಬಾಡಗಿ ಅಂತ ಬರಸ್ರಿ. ಅದೂ ಹ್ಯಾಂಗ? ಮನಿ ಬಾಡಗಿ ಕೊಟ್ಟವ್ರು ಸೈತ ಖಾಲಿ ಮಾಡಸೂ ಮುಂದ ಪಾತ್ರಿ ಪಗಡಾ ಹೊರಗ ಇಡಾಕ ಬಿಡ್ತಾರ."

ಅವನು ಇನ್ನೊಬ್ಬ ಗಿರಾಕಿಯ ಕಡೆ ತಿರುಗಿ, "ಇಂಥಾವ್ರ ಜೋಡಿ ಮಾತಾಡಾಕ ವಕೀಲ್ರನ್ನ ಇಟ್ಕೋಬೇಕ್ ನೋಡ್ರಿ," ಎಂದು ನಕ್ಕ. ವಾದದಲ್ಲಿ ನಾನು ಗೆದ್ದಿದ್ದೆ. ವೇದಿಕೆಯ ಮೇಲಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಒಂದು ಮಂಗವೂ ವಾಪಸು ಬರಲಿಲ್ಲ.

ಕಂಪನಿಗೆ ಇಂಗ್ಲಿಷಿನಲ್ಲಿ ಮೇಲ್ ಬರೆದೆ. ಆ ವಿಳಾಸವೂ ಮುಚ್ಚಿಹೋಗಿದೆ ಎಂಬ ಉತ್ತರ ಬಂತು.

ಪರದೆಯ ಫೋಟೋ ತೆಗೆದಿಟ್ಟುಕೊಳ್ಳಬಹುದಿತ್ತಲ್ಲ ಎಂದು ನನಗೆ ಬುದ್ಧಿ ಹೇಳುವವರು ಈಗಲೂ ಸಿಗುತ್ತಾರೆ. ಅವರಿಗೆ ನನ್ನದೊಂದು ಪ್ರಶ್ನೆ. ಬ್ಯಾಂಕಿನ ಲಾಕರಿನಲ್ಲಿ ಒಡವೆ ಇಡುವಾಗ ನೀವು ಅದರ ಜೊತೆ ಮನೆಯಲ್ಲೊಂದು ನಕಲಿ ಸರ ಮಾಡಿಸಿ ಇಟ್ಟಿರುತ್ತೀರಾ? ಕಾಪಾಡುತ್ತೇವೆ ಎಂದು ಬರೆದುಕೊಟ್ಟವನನ್ನು ಬಿಟ್ಟು ನಂಬಿದವಳನ್ನು ಪ್ರಶ್ನಿಸುವುದು ಬಹಳ ಅಗ್ಗದ ಜಾಣತನ. ಕ್ಯಾಸೆಟ್ಟು ಮರೆಯುತ್ತಿತ್ತು, ಆದರೆ ಅದು ಅವ್ವನನ್ನು ಎಚ್ಚರದಲ್ಲಿ ಇಟ್ಟಿತ್ತು. ಇವರು ಕಾಯಂ ಎಂಬ ಮಾತು ಹೇಳಿ, ಅವಳ ಕೈಯಿಂದ ತುಂಡು ಬಟ್ಟೆಯನ್ನು ಬಿಡಿಸಿ, ಆಮೇಲೆ ಬಾಗಿಲು ಹಾಕಿದರು. ನನ್ನ ಸಿಟ್ಟು ಇರುವುದು ಮರೆವಿನ ಮೇಲಲ್ಲ, ಆ ಮಾತಿನ ಮೇಲೆ.

ಅವ್ವ ನೆನಪಿನಿಂದ ಹಾಕಲು ನೋಡಿದಳು. ಹಾಕಿದ್ದನ್ನು ಬೆಳಕಿಗೆ ಹಿಡಿದು, "ನಾಯಿ ಆತು," ಎಂದು ಕಿತ್ತಳು. ಇನ್ನೊಂದು ಹಾಕಿದಳು, ಅದನ್ನೂ ಕಿತ್ತಳು. ಕಪ್ಪು ಬಟ್ಟೆಯಲ್ಲಿ ಪದೇಪದೇ ದಾರ ಕಿತ್ತರೆ ಎಳೆ ಸರಿದು ತೂತು ಕಾಣುತ್ತದೆ. ಮೂರನೆಯದಕ್ಕೆ ಸೂಜಿ ಇಳಿಸಲಿಲ್ಲ.

ಕುಬಸದ ದಿನ ಬಾದಾಮಿಯ ಮನೆಯಲ್ಲಿ ಚಿಗವ್ವ ಆ ಸೀರೆ ಉಟ್ಟು, ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಮಣೆಯ ಮೇಲೆ ಕೂತಳು. ಆರತಿಗೆ ಬಂದ ಹೆಂಗಸರೆಲ್ಲ ಸೆರಗು ಹಿಡಿದು ನೋಡಿದರು. ನಕ್ಕರು, ಮಂಗಗಳನ್ನು ಬೆರಳಿನಿಂದ ಮುಟ್ಟಿದರು. ನಡುವಿಗೆ ಬಂದಾಗ ಬೆರಳುಗಳು ನಿಂತವು.

"ಇಲ್ಲಿಂದ ಖಾಲಿ ಐತೆಲ್ಲ ಬೇ?" ಎಂದು ಚಿಗವ್ವನ ಅತ್ತೆ ಅವ್ವನನ್ನು ಕೇಳಿದರು. "ಗೋಪುರಾನರ ಹಾಕಬೇಕಿತ್ತು."

"ಗೋಪುರ ಎಲ್ಲಾರ ಸೆರಗಿನ್ಯಾಗೂ ಅದಾವ್ರಿ," ಎಂದಳು ಅವ್ವ.

ಚಿಗವ್ವ ಅಕ್ಕನ ಮುಖ ನೋಡಿದಳು. "ಅಕ್ಕಾ, ನಾ ಹೇಳ್ತೇನಿ, ನೀ ಹಾಕು. ನಾ ಹೊಂಡದಾಗ ಬಿದ್ದಿದ್ದು, ನೀ ಜಡಿ ಹಿಡದು ಎಳದಿದ್ದು. ನನಗ ಎಲ್ಲಾ ನೆನಪೈತಿ."

"ಅದು ನಿನ್ನ ನೆನಪು, ಯವ್ವಾ. ನಾ ಮಾಡಿದ್ದು ಬ್ಯಾರೇ ಇತ್ತು. ಭಾಳ ಚಂದಿತ್ತು," ಎಂದಳು ಅವ್ವ. ಎದ್ದು ಆರತಿ ತಟ್ಟೆಗೆ ಎಣ್ಣೆ ಹಾಕಲು ಒಳಗೆ ಹೋದಳು. ಕ್ಷಣದಲ್ಲಿ ಮುಗಿಯುವ ಕೆಲಸಕ್ಕೆ ಬಹಳ ಹೊತ್ತು ತೆಗೆದುಕೊಂಡಳು.

ಆ ಸೆರಗಿನ ಉಳಿದರ್ಧದ ಮೇಲೆ ಚಿಗವ್ವ ಯಾರಿಗೂ ಸೂಜಿ ಹಾಕಲು ಬಿಟ್ಟಿಲ್ಲ. ಕೇಳಿದವರಿಗೆ, "ಅಲ್ಲಿ ಅದಾವ್ರಿ, ಕಾಣ್ಸೂದಿಲ್ಲ ಅಷ್ಟ," ಎನ್ನುತ್ತಾಳೆ. ಅವಳದು ದೊಡ್ಡ ಮನಸ್ಸು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ಅವು ಅಲ್ಲಿ ಇಲ್ಲ.