ಮೂರು ಸಲ ಸತ್ತವಳು

ನಮ್ಮ ನಾಟಕ ತಂಡಕ್ಕೆ ಸೇರಿದ ಎರಡು ವರ್ಷಗಳಲ್ಲಿ ಅವಳು ಮೂರು ಸಲ ಸತ್ತಳು. ಮೊದಲ ನಾಟಕದಲ್ಲಿ ಬಾವಿಗೆ ಬಿದ್ದ ಸೊಸೆ, ಎರಡನೆಯದರಲ್ಲಿ ಯುದ್ಧದಲ್ಲಿ ಸತ್ತ ನರ್ಸು, ಮೂರನೆಯದರಲ್ಲಿ ಪರದೆ ಏಳುವ ಮೊದಲೇ ಹೆಣ. ತಂಡದ ಮೇಕಪ್ಪಿನವನು ನಾನು. ಮೂರು ಸಲವೂ ಆ ಎಳೆಯ ಮುಖಕ್ಕೆ ಬೂದು ಬಣ್ಣ ಬಳಿದ ಪಾಪ ನನ್ನದೇ.

ಹಗಲು ಅವಳಿಗೆ ಒಂದು ಕ್ಲಿನಿಕ್ಕಿನಲ್ಲಿ ಟೋಕನ್ ಕೊಟ್ಟು ರೋಗಿಗಳನ್ನು ಕೂಗುವ ಕೆಲಸ. ಹಾಗಾಗಿ ತಂಡದಲ್ಲಿ ಎಲ್ಲರ ಬಾಯಲ್ಲೂ ಅವಳು ಟೋಕನ್. ನಾನಂತೂ "ಬಾರಮ್ಮ ಹೆಣವೇ, ಕೂತ್ಕೋ" ಎಂದು ಛೇಡಿಸುತ್ತಿದ್ದೆ. ಅವಳು ನಗುತ್ತಿದ್ದಳು, ಆದರೆ ದವಡೆ ಬಿಗಿಯುತ್ತಿತ್ತು. ಸ್ಪಂಜು ಹಿಡಿದ ಕೈಗೆ ಅದು ಗೊತ್ತಾಗದೆ ಇರುತ್ತದೆಯೇ?

ಅವಳ ಅಮ್ಮ ಮನೆಯಲ್ಲೇ ಬಟ್ಟೆ ಹೊಲಿಯುವಾಕೆ. ಮೂರು ನಾಟಕವನ್ನೂ ನೋಡಿದ್ದರು. "ಹೆತ್ತ ಮಗಳು ಸಾಯೋದನ್ನ ಟಿಕೆಟ್ ತಗೊಂಡು ನೋಡೋ ಕರ್ಮ ನಂಗೊಬ್ಬಳಿಗೇ" ಎಂದು ನನ್ನ ಎದುರಿಗೇ ಹೇಳಿದ್ದರು. ನಾಲ್ಕನೆಯ ನಾಟಕ ಶುರುವಾದಾಗ ಮಗಳಿಗೆ ಗಡುವು ಕೊಟ್ಟರು. "ಇದರಲ್ಲೂ ನಿನ್ನ ಬಾಯಿಂದ ಒಂದು ಮಾತು ಬರದಿದ್ರೆ ನಾಟಕ ಬಿಟ್ಬಿಡು. ಒಪ್ತೀಯಾ?" ಮಗಳು ಒಪ್ಪಿಕೊಂಡಿದ್ದಳು.

ನಾಲ್ಕನೆಯದರಲ್ಲೂ ಅವಳದು ಹೆಣವೇ. ಒಂದು ಬೀದಿಗೆ ಕೊಳೆತ ನೀರು ಬಿಟ್ಟು ಹನ್ನೊಂದು ಜನರನ್ನು ಕೊಂದ ಕಚೇರಿಯ ಕತೆ ಅದು. ಅಧಿಕಾರಿಯ ಪಾತ್ರ ನಮ್ಮ ನಿರ್ದೇಶಕರದು, ನಾವೆಲ್ಲ ಮೇಷ್ಟ್ರು ಎನ್ನುತ್ತಿದ್ದವರದು. ಆ ಅಧಿಕಾರಿಯ ಮುಂದೆ ನಿಂತು ಸತ್ತವರನ್ನೆಲ್ಲ ಒಬ್ಬೊಬ್ಬರಾಗಿ ಎಣಿಸಿ ಹೇಳುವ ಮುದುಕಿಯ ಪಾತ್ರ ಹಿರಿಯ ನಟಿಯದು. ಆಕೆಗೆ ಸೀರಿಯಲ್ಲಿನ ಶೂಟಿಂಗು, ತಾಲೀಮಿಗೆ ಬಂದರೆ ಬಂದರು, ಇಲ್ಲದಿದ್ದರೆ ಇಲ್ಲ. ಬಾರದವರ ಮಾತನ್ನು ತಂಡಕ್ಕೆ ಕೊನೆಗೆ ಸೇರಿದವರು ಓದಬೇಕೆಂಬುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ. ಹೀಗೆ ಓದಿ ಓದಿ ಟೋಕನ್‌ಗೆ ಮುದುಕಿಯ ಮಾತೆಲ್ಲ ಬಾಯಿಪಾಠವಾಗಿತ್ತು.

ಪ್ರಯೋಗಕ್ಕೆ ವಾರವಿರುವಾಗ ಹಿರಿಯ ನಟಿ ಫೋನು ಮಾಡಿ ಈ ಸಲ ಆಗುವುದಿಲ್ಲ ಎಂದುಬಿಟ್ಟರು. ಮೇಷ್ಟ್ರು ಬೇರೆ ತಂಡದ ನಟಿಯ ನಂಬರು ಹುಡುಕುತ್ತಾ ಕೂತರು. ಟೋಕನ್ ಎದುರು ಹೋಗಿ ನಿಂತಳು.

"ಮೇಷ್ಟ್ರೇ, ಆ ಪಾತ್ರ ನಾನು ಮಾಡ್ತೀನಿ."

"ನೀನು ಮಲಗೋ ಜಾಗ ನೋಡ್ಕೋ ಹೋಗಮ್ಮ."

"ಮಲಗಲ್ಲ. ಇನ್ನು ಮೇಲೆ ನಾನು ಸಾಯಲ್ಲ ಮೇಷ್ಟ್ರೇ. ಬೇಕಾದ್ರೆ ತಂಡದಿಂದ ತೆಗೀರಿ. ಅದಕ್ಕೂ ಮೊದಲು ಒಂದ್ಸಲ ನೋಡಿ."

ನನ್ನ ಕೈಯಲ್ಲಿದ್ದ ಟೀ ಲೋಟ ಅಲ್ಲೇ ನಿಂತಿತು. ಮೇಷ್ಟ್ರು ಕುರ್ಚಿಗೆ ಒರಗಿ, "ಸರಿ, ಮಾಡು" ಎಂದರು.

ಅವಳು ಶುರು ಮಾಡಿದಳು. ಬಾಗಿದ ಬೆನ್ನು, ನಡುಗುವ ದನಿ, ಎದೆಯ ಮೇಲೆ ಕೈ. ಎರಡನೆಯ ಸಾಲಿಗೇ ಕೆಮ್ಮು. ಐದನೆಯ ಸಾಲಿಗೆ ಇನ್ನೊಂದು ಕೆಮ್ಮು, ಆಮೇಲೆ ಮೂಗೊರೆಸಿಕೊಂಡಿದ್ದು. ಇಡೀ ಕೋಣೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಆ ಕೆಮ್ಮು ಮುದುಕಿಯದಲ್ಲ, ಹಿರಿಯ ನಟಿಯದು! ತಿಂಗಳಿಡೀ ಆಕೆಗೆ ನೆಗಡಿ. ಪಾಪದ ಹುಡುಗಿ ಪಾತ್ರದ ಜೊತೆಗೆ ನೆಗಡಿಯನ್ನೂ ಕಲಿತುಬಿಟ್ಟಿದ್ದಳು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

"ಜೆರಾಕ್ಸ್ ಕಾಪಿ" ಎಂದರು ಮೇಷ್ಟ್ರು, ಫೋನು ಕೈಗೆತ್ತಿಕೊಂಡು.

ಅವಳ ಕಿವಿ ಕೆಂಪಗಾಗಿತ್ತು. ಆದರೂ ನಿಂತ ಜಾಗ ಬಿಡಲಿಲ್ಲ. "ನಕ್ಕಿದ್ದು ಮುಗೀತಾ? ಮತ್ತೆ ಮೊದಲಿಂದ ಮಾಡ್ತೀನಿ."

ಈ ಸಲ ಬೆನ್ನು ಬಾಗಿಸಲಿಲ್ಲ. ಕ್ಲಿನಿಕ್ಕಿನಲ್ಲಿ ನಿಲ್ಲುವ ಹಾಗೆಯೇ ನಿಂತು, ಅಲ್ಲಿ ಕೂಗುವ ದನಿಯಲ್ಲೇ ಕೂಗಿದಳು. "ಒಂದು. ಮೂಲೆಮನೆ ಅಜ್ಜ." ಯಾರೂ ಏಳಲಿಲ್ಲ. ಇನ್ನೊಮ್ಮೆ ಕೂಗಿ, ಕಾದು, ಮುಂದಕ್ಕೆ ಹೋದಳು. "ಎರಡು. ಟೈಲರ್ ಹೆಂಡ್ತಿ. ಮೂರು. ಟೈಲರ್ ಹೆಂಡ್ತಿಯ ಕೂಸು." ಮೂರನೆಯದಕ್ಕೆ ತುಸು ಹೆಚ್ಚು ಹೊತ್ತು ಕಾದಳು. ಹನ್ನೊಂದು ಮುಗಿಯುವ ಹೊತ್ತಿಗೆ ನನ್ನ ಟೀ ಆರಿಹೋಗಿತ್ತು.

ಮೇಷ್ಟ್ರು ಫೋನು ಕೆಳಗಿಟ್ಟರು. ಹೊಗಳುವ ಜಾಯಮಾನದವರಲ್ಲ ಅವರು. "ಮೊದಲನೇ ಪ್ರಯೋಗ ನಿಂದು. ಕೊನೇಲಿ ಮಾತ್ರ ಬಿಕ್ಕಿ ಬಿಕ್ಕಿ ಅಳಬೇಕು. ಜನ ಅದಕ್ಕೇ ಬರೋದು."

"ಅಳಲ್ಲ ಮೇಷ್ಟ್ರೇ. ಅಳೋದು ಬಿಡೋದು ಕೂತು ನೋಡೋರಿಗೆ ಬಿಟ್ಟಿದ್ದು."

"ದೊಡ್ಡವರ ಮಾತು ಕೇಳಲ್ವಾ?"

"ಎರಡು ವರ್ಷ ಕೇಳಿದ್ನಲ್ಲ, ಮಲಗಿಕೊಂಡು."

ನನಗೆ ನಗು ತಡೆಯಲಾಗಲಿಲ್ಲ, ಈ ಸಲ ಅವಳ ಪರವಾಗಿ. ಮೇಷ್ಟ್ರ ಮುಖ ಗಂಟಾಯಿತು. "ಆಗಲಿ, ನಿನ್ನ ಹಟವೇ ನಡೀಲಿ. ಜನ ಎದ್ದು ಹೋದ್ರೆ ಎರಡನೇ ಪ್ರಯೋಗಕ್ಕೆ ನೀನಿಲ್ಲ. ತಿಳೀತಾ?"

"ತಿಳೀತು" ಎಂದಳು. ಬೆದರಿಕೆಗೆ ಸೊಪ್ಪು ಹಾಕಲಿಲ್ಲ.

ಪ್ರಯೋಗದ ದಿನ ಹೆಣದ ಜಾಗದಲ್ಲಿ ಎರಡು ದಿಂಬಿಟ್ಟು ಬಟ್ಟೆ ಹೊದಿಸಿದೆವು. ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಎರಡು ವರ್ಷ ಆ ಹುಡುಗಿಯಿಂದ ದಿಂಬಿನ ಕೆಲಸ ಮಾಡಿಸಿದ್ದೆವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಅವಳು ಕೂಗತೊಡಗಿದಾಗ ನಾನು ಪಕ್ಕದ ಪರದೆಯ ಸಂದಿಯಿಂದ ಜನರ ಮುಖವನ್ನೇ ನೋಡುತ್ತಿದ್ದೆ. ಒಬ್ಬರೂ ಎದ್ದು ಹೋಗಲಿಲ್ಲ. ಅವಳು ಅಳಲಿಲ್ಲ. ನಾಟಕ ಮುಗಿದು ದೀಪ ಹತ್ತಿದ ಮೇಲೂ ಚಪ್ಪಾಳೆ ಬರಲು ತುಸು ಹೊತ್ತು ಹಿಡಿಯಿತು. ಮೇಷ್ಟ್ರು ಮಾತ್ರ ಒಳಗೆ ಬಂದು, "ಚಪ್ಪಾಳೆ ತಡವಾಯ್ತು. ಅತ್ತಿದ್ರೆ ತಕ್ಷಣ ಬರ್ತಿತ್ತು" ಎಂದು ಗೊಣಗುತ್ತಿದ್ದರು.

ಅಷ್ಟರಲ್ಲಿ ಅಮ್ಮ ಮೇಕಪ್ ಕೋಣೆಗೆ ನುಗ್ಗಿದರು. ಮಗಳ ಕಡೆ ತಿರುಗಿಯೂ ನೋಡಲಿಲ್ಲ. ಅಧಿಕಾರಿಯ ಕೋಟಿನಲ್ಲೇ ಇದ್ದ ಮೇಷ್ಟ್ರ ಎದುರಿಗೆ ನಿಂತು, ಬೆರಳು ತೋರಿಸಿ, "ಅಷ್ಟು ಜನ ಸತ್ರೂ ಫೈಲು ತಿರುವಿಕೊಂಡು ಕೂತಿದ್ರಲ್ಲ, ಮನುಷ್ಯರೇನ್ರೀ ನೀವು? ಆ ಕೂಸು ಏನು ಮಾಡಿತ್ತು ನಿಮಗೆ?" ಎಂದು ದಬಾಯಿಸಿದರು.

ಮೂವತ್ತು ವರ್ಷ ರಂಗದ ಮೇಲೆ ಯಾರಿಗೂ ತಲೆ ಬಾಗಿಸದ ಮೇಷ್ಟ್ರು ಅರೆಗಳಿಗೆ ಆಕೆಯನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ಎರಡೂ ಕೈ ಜೋಡಿಸಿ, "ತಪ್ಪಾಯ್ತಮ್ಮ" ಎಂದರು.

"ನಾಳೆ ಐದು ಗಂಟೆಗೇ ಬಾ, ಮೇಕಪ್ಪಿಗೆ" ಎಂದು ನಾನು ಅವಳಿಗೆ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. ಮೇಷ್ಟ್ರು ಬೇಡ ಎನ್ನಲಿಲ್ಲ.