ಕಡಲಲ್ಲಿ ನಿಂತ ಗಾಳಿಯಂತ್ರದ ಮೂರನೆಯ ಕಾಲು

ತೊಂಬತ್ತರ ದಶಕದ ಕೊನೆಯ ಒಂದು ಜನವರಿ. ಎರ್ನಾಕುಳಂನಲ್ಲಿ ನಸುಕಿನ ರೈಲು ಹತ್ತಿದೆ. ತಿರುವನಂತಪುರಕ್ಕೆ ಸುಮಾರು ಇನ್ನೂರು ಕಿಲೋಮೀಟರ್. ನಾನು ಧಾರವಾಡದವಳು; ಕೊಚ್ಚಿಯಲ್ಲಿ ಹಡಗುಗಳ ಬೆಸುಗೆ ಪರೀಕ್ಷಿಸುವುದು ನನ್ನ ಕೆಲಸ. ಕೊಲ್ಲಂನಲ್ಲಿ ಬಿಸಿ ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತಿಂದು ಚಹಾ ಕುಡಿದೆ. ತಿರುವನಂತಪುರದ ತಂಪಾನೂರು ನಿಲ್ದಾಣದಲ್ಲಿ ಇಳಿದಾಗ ಬಿಸಿಲು ಚುರುಗುಟ್ಟುತ್ತಿತ್ತು.

ಜೀಪು ತಂದಿದ್ದವರು ಮೈಸೂರಿನ ಶ್ರೀಕಂಠಯ್ಯನವರು. ದಡದಿಂದ ಅರ್ಧ ಕಿಲೋಮೀಟರ್ ದೂರ ಕಡಲಲ್ಲಿ, ಮೂರು ಉಕ್ಕಿನ ಕಾಲುಗಳ ಮೇಲೆ ಪ್ರಯೋಗಕ್ಕೆಂದು ನಿಲ್ಲಿಸಿದ್ದ ಗಾಳಿಯಂತ್ರ ಅವರ ಹೊಣೆ. ಅದನ್ನು ವಾರಕ್ಕೊಮ್ಮೆ ಹತ್ತಿ ಗ್ರೀಸ್ ಹಚ್ಚುವ ಸ್ಟೀಫನ್, ಈಚೆಗೆ ಕೆಳಗಿನಿಂದ ಕಿರ್ರೆನ್ನುವ ಸದ್ದು ಬರುತ್ತಿದೆ ಎಂದಿದ್ದ. ಅದಕ್ಕೇ ನನ್ನನ್ನು ಕರೆಸಿದ್ದರು.

"ನಾಳೆ ದಿಲ್ಲಿಯಿಂದ ಅಧಿಕಾರಿಗಳು ಬರ್ತಾರಮ್ಮ. ಎಲ್ಲ ಸರಿಯಾಗಿದೆ ಅಂತ ಒಂದು ಸಾಲು ಬರೆದುಕೊಟ್ಟರೆ ಸಾಕು," ಎಂದರು.

"ನೋಡಿ ಬರೀತೀನ್ರಿ ಸರ್. ನೋಡದ ಬರಿಯಂಗಿಲ್ಲ."

ಮಧ್ಯಾಹ್ನ ನೀರು ಇಳಿದಾಗ ಮೂವರೂ ದೋಣಿಯಲ್ಲಿ ಹೋದೆವು. ಅಲೆ ಒಂದೇ ಏಟಿಗೆ ಉಕ್ಕನ್ನು ಮುರಿಯುವುದಿಲ್ಲ. ಹಗಲೂ ರಾತ್ರಿ ಒಂದಿಷ್ಟೇ ಬಗ್ಗಿಸಿ ಬಿಡುತ್ತಾ ದಣಿಸುತ್ತದೆ. ಆ ದಣಿವು ಮೊದಲು ತೋರುವುದು ಬೆಸುಗೆಯ ಅಂಚಿನಲ್ಲಿ. ಎರಡು ಕಾಲುಗಳು ಗಟ್ಟಿಯಾಗಿದ್ದವು. ಮೂರನೆಯದನ್ನು ಉಜ್ಜಿ, ಒಣಗಿಸಿ, ಕೆಂಪು ದ್ರವ ಬಳಿದು ಕಾದೆ. ಒರೆಸಿ ಬಿಳಿ ಪುಡಿ ಸಿಂಪಡಿಸಿದೆ. ಬಿರುಕಿನೊಳಗೆ ಇಳಿದ ಬಣ್ಣ ಹೊರಗೆ ಒಸರಿ ಕೂದಲಿನಷ್ಟು ತೆಳ್ಳಗಿನ ಕೆಂಪು ಗೆರೆ ಮೂಡಿತು. ನೋಡನೋಡುತ್ತ ಒಂದು ಗೇಣು ಉದ್ದವಾಯಿತು.

"ಮೇಲ್ಮೈಯ ಗೀರು ಇರಬಹುದು," ಎಂದರು ಶ್ರೀಕಂಠಯ್ಯನವರು.

ನೀರು ಏರತೊಡಗಿತ್ತು. ನನಗೆ ಅನುಮಾನವಿರಲಿಲ್ಲ, ಆದರೆ ಅವರಿಗೂ ಅದು ಉಳಿಯಬಾರದಿತ್ತು. ಬರೀ ಗೀರಾಗಿದ್ದರೆ ತೇಯ್ದಾಗ ಅಳಿಯಬೇಕು. ಆ ಜಾಗವನ್ನು ಅರದಿಂದ ತೇಯ್ದು, ಎಲ್ಲವನ್ನೂ ಮೊದಲಿನಿಂದ ಮಾಡಿದೆ. ಗೆರೆ ಅಲ್ಲೇ ಮೂಡಿತು.

"ಚೇಚೀ, ನಾಳೆ ಗ್ರೀಸ್ ಹಚ್ಚುವ ದಿನ. ನಾನು ಹತ್ತಬೇಕೇ?" ಸ್ಟೀಫನ್ ನನ್ನನ್ನು ಅಕ್ಕ ಎಂದು ಕರೆದು ಮಲಯಾಳದಲ್ಲಿ ಕೇಳಿದ.

"ಬೇಡ," ಎಂದೆ. ಶ್ರೀಕಂಠಯ್ಯನವರು ಬಗ್ಗಿ ಆ ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ತಮ್ಮ ಕೈಯಾರೆ ಏಣಿಯ ಬಾಗಿಲಿಗೆ ಸರಪಳಿ ಸುತ್ತಿದರು. "ಇವನನ್ನು ಇಷ್ಟು ದಿನ ಹತ್ತಿಸಿಬಿಟ್ಟೆನಲ್ಲಮ್ಮ," ಎಂದರು.

ಮರುದಿನ ದಿಲ್ಲಿಯವರನ್ನು ಅವರೇ ಕರೆದೊಯ್ದು ಬಿರುಕು ತೋರಿಸಿದರು. ಹಿರಿಯ ಅಧಿಕಾರಿ ನನ್ನತ್ತ ತಿರುಗಿ, "ಇದು ಬಿದ್ದೇ ಬೀಳುತ್ತದೆ ಎಂದು ಖಚಿತವಾಗಿ ಹೇಳುತ್ತೀರಾ?" ಎಂದು ಕೇಳಿದರು.

"ಯಾವತ್ತು ಎಂದು ಹೇಳಲಾರೆ. ಹೀಗೇ ಬಿಟ್ಟರೆ ಬೀಳುತ್ತದೆ ಎಂದು ಹೇಳಬಲ್ಲೆ."

ಅವರು ರೆಕ್ಕೆಗಳನ್ನು ಇಳಿಸಿ, ಆ ಕಾಲನ್ನು ಬದಲಿಸಲು ಅಲ್ಲೇ ಒಪ್ಪಿಗೆ ಕೊಟ್ಟರು.

ಮಧ್ಯಾಹ್ನದ ರೈಲಿಗೆ ಹೊರಟು ಜೀಪು ಹತ್ತುವಾಗ ಹಿಂದಿರುಗಿ ನೋಡಿದೆ. ಸ್ಟೀಫನ್ ಮರಳಿನ ಮೇಲೆ ಹೆಂಡತಿಯ ಪಕ್ಕ ಕೂತು, ಅವಳು ತಂದ ಊಟದ ಪೊಟ್ಟಣ ಬಿಚ್ಚುತ್ತಿದ್ದ. ಆ ಹೊತ್ತಿಗೆ ಅವನು ಅರವತ್ತು ಅಡಿ ಎತ್ತರದಲ್ಲಿ ಇರಬೇಕಿತ್ತು.